ಬಣ್ಣದೊಳಗೇ ಉಳಿಯುವ ಸೋಪು

ಅವರ ಬಲಗೈ ಹೆಬ್ಬೆರಳು ಸದಾ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿತ್ತು. ಟೆಸ್ಟ್‌ಟ್ಯೂಬಿನ ಬಾಯನ್ನು ಆ ಬೆರಳಿನಿಂದ ಮುಚ್ಚಿ ಕುಲುಕುವುದು ಅವರ ನಿತ್ಯದ ಕೆಲಸ. ನಮ್ಮ ಮನೆಯಲ್ಲಿ ಮಜ್ಜಿಗೆ ಕೊಟ್ಟರೂ ಲೋಟ ಅಲುಗಾಡಿಸಿ, ನೊರೆ ನೋಡಿಯೇ ಕುಡಿಯುತ್ತಿದ್ದರು.

ಅರವತ್ತರ ದಶಕ. ಗೌರಿಬಿದನೂರಿನಲ್ಲಿ ಗೋಡೆಬಣ್ಣ ತಯಾರಿಸುವ ಸಣ್ಣ ಶೆಡ್ಡಿಗೆ ಅವರು ಕೆಮಿಸ್ಟರು. ನಾನು ಪಕ್ಕದ ಮನೆಯವನು, ಪತ್ರಿಕೆಯೊಂದಕ್ಕೆ ಊರಿನ ಸುದ್ದಿ ಕಳಿಸುತ್ತಿದ್ದೆ. ಬಣ್ಣದ ಅಂಟು ನೀರಿನಲ್ಲಿ ಹಾಲಿನಂತೆ ಬೆರೆಯಲು ಸೋಪು ಬೇಕು. ಬಣ್ಣ ಒಣಗಿದ ಮೇಲೆ ಆ ಸೋಪು ಒಳಗೆ ಬಿಡಿಯಾಗಿ ಉಳಿದು, ಮಳೆಗೆ ಕರಗಿ, ಗೋಡೆಯ ಮೇಲೆ ಬಿಳಿ ಗೆರೆ ಎಳೆಯುತ್ತಿತ್ತು. ಅಂಟಿನೊಂದಿಗೇ ಬೆಸೆದುಕೊಂಡು ಹೊರಗೆ ಬಾರದಂಥ ಸೋಪನ್ನು ಮಾಡಲು ಅವರು ಹೊರಟಿದ್ದರು. ಪರೀಕ್ಷೆ ಸರಳ. ಒಣಗಿದ ಬಣ್ಣದ ಪದರವನ್ನು ಟ್ಯೂಬಿನ ನೀರಿನಲ್ಲಿ ನೆನೆಸಿ ಕುಲುಕಬೇಕು. ನೊರೆ ಬಂದರೆ ಸೋಪು ಬಿಟ್ಟಿದೆ ಎಂದರ್ಥ.

ಆ ದಿನ ಮಾಲೀಕರು ಬೆಂಗಳೂರಿನಿಂದ ಬಂದು, ಟೋಪಿಯನ್ನೂ ತೆಗೆಯದೆ ಶೆಡ್ಡಿನಲ್ಲಿ ಕುಳಿತರು. ಸುದ್ದಿಗೆಂದು ನಾನೂ ಅಲ್ಲಿದ್ದೆ.

"ಇವತ್ತೂ ನೊರೆ ಬಂದ್ರೆ ಶೆಡ್ಡಿಗೆ ಬೀಗ ಹಾಕ್ತೀನಿ ಕಣ್ರೀ. ಎಷ್ಟು ದಿನ ಅಂತ ನೀರು ಕುಲುಕ್ತಾ ಕೂರ್ತೀರಿ?"

ಕೆಮಿಸ್ಟರು ಕುಲುಕಿದರು. ಟ್ಯೂಬಿನ ಅರ್ಧದವರೆಗೆ ನೊರೆ ಎದ್ದಿತು. ಸೋಲಿನ ಸುದ್ದಿಯ ಮೊದಲ ಸಾಲು ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಮಾಲೀಕರು ಬೀಗ ಕೈಗೆತ್ತಿಕೊಂಡು ಎದ್ದರು.

"ಒಂದ್ನಿಮಿಷ ಕೂತ್ಕೊಳಿ ಸಾರ್."

ಕೆಮಿಸ್ಟರು ಇನ್ನೊಂದು ಟ್ಯೂಬಿಗೆ ಏನೂ ಬೆರೆಸದ ಬಟ್ಟಿ ಇಳಿಸಿದ ನೀರು ಹಾಕಿ ಕುಲುಕಿದರು. ಅದರಲ್ಲೂ ನೊರೆ. ಪಾತ್ರೆ ತೊಳೆಯುತ್ತಿದ್ದ ನಗರಗೆರೆಯ ಹೆಂಗಸನ್ನು ಕರೆದರು.

"ಇವನ್ನ ಯಾವ್ದ್ರಲ್ಲಿ ತೊಳೆದ್ರಮ್ಮಾ?"

"ದೊಡ್ಡ ಸಾಹೇಬ್ರು ಬರ್ತಾರೆ ಅಂದ್ರಲ್ಲ ಸಾಮಿ, ಅಂಟುವಾಳದ ಕಾಯಿ ನೆನೆಸಿ ತಿಕ್ಕಿದೆ. ಹೆಂಗ್ ಹೊಳೀತಾವೆ ನೋಡಿ."

"ಹೊಳೀತಾವಮ್ಮಾ. ನಿಮ್ ಸೋಪು ನನ್ ಸೋಪಿಗಿಂತ ಜೋರಾಗಿದೆ."

ಟ್ಯೂಬುಗಳನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿದರು. ಬರೀ ನೀರಿನಲ್ಲಿ ಈಗ ನೊರೆ ಏಳಲಿಲ್ಲ. ಬಣ್ಣದ ಹೊಸ ಪದರ ನೆನೆಹಾಕಿ ಕಾದರು. ಮಾಲೀಕರ ರೈಲು ಹೊರಟುಹೋಯಿತು. ಕೊನೆಗೆ ಆ ಬಿಳಿಚಿದ ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಕುಲುಕಿದರು. ಒಂದೆರಡು ಗುಳ್ಳೆ ಎದ್ದು ಒಡೆದವು. ನೀರು ತಿಳಿಯಾಗಿ ನಿಂತಿತು.

ಮಾಲೀಕರು ಬೀಗವನ್ನು ಮೇಜಿನ ಮೇಲಿಟ್ಟು ಟೋಪಿ ತೆಗೆದರು. ನಾನು ಪೆನ್ನು ತೆಗೆದೆ. ಕೆಮಿಸ್ಟರು ತಡೆದರು.

"ಈಗ್ಲೇ ಬರೀಬೇಡ ಕಣಪ್ಪ. ಒಂದು ಮಳೆ ಬೀಳ್ಲಿ."

ಮಳೆ ಬಿತ್ತು. ಆ ಬಣ್ಣ ಬಳಿದಿದ್ದ ಶೆಡ್ಡಿನ ಗೋಡೆಯಲ್ಲಿ ಗೆರೆ ಮೂಡಲಿಲ್ಲ. ನನ್ನ ವರದಿ ಅಚ್ಚಾಗುವ ಹೊತ್ತಿಗೆ ಅವರು ಜ್ವರ ಬಂದು ಮಲಗಿದ್ದರು; ಮತ್ತೆ ಏಳಲಿಲ್ಲ.

ಈಗಲೂ ಯಾರದಾದರೂ ತಪ್ಪು ಸಾಬೀತಾಯಿತೆಂದು ನಮ್ಮ ಪತ್ರಿಕೆಯ ವರದಿಗಾರ ಹುಡುಗರು ಸುದ್ದಿ ತಂದರೆ, ಟ್ಯೂಬನ್ನು ಯಾವುದರಲ್ಲಿ ತೊಳೆದಿದ್ದರು ಎಂದು ಕೇಳುತ್ತೇನೆ. ಅವರು ಮುಖ ಮುಖ ನೋಡಿಕೊಂಡು, ಇನ್ನೊಮ್ಮೆ ವಿಚಾರಿಸಲು ಹೊರಡುತ್ತಾರೆ.