ಕೈಗೆಟುಕುವ ಚಿಲಕ

ಬಚ್ಚಲಿಗೆ ಹೊಸ ಬಾಗಿಲು ಕೂಡಿಸುತ್ತಿದ್ದ ಬಡಿಗೇರ ಮಾನಪ್ಪ ಚಿಲಕ ಹಿಡಿದು ನಿಂತು, "ಅಕ್ಕಾರ, ಒಳಗಿಂದು ಎಲ್ಲಿ ಹೊಡೀಲಿ?" ಎಂದು ಕೇಳಿದ.

"ಒಳಗ ಬ್ಯಾಡೇ ಬ್ಯಾಡ," ಎಂದೆ.

ಸೇಡಂನ ನಮ್ಮ ಮನೆಯಲ್ಲಿ ಈ ತಿಂಗಳೆಲ್ಲ ಇದೇ ಕೆಲಸ. ಅವ್ವ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಅವಳಿಗೆಂದು ಹೊಸ್ತಿಲು ಕೀಳಿಸಿದೆ, ಕಮೋಡಿನ ಪಕ್ಕ ಗೋಡೆಗೆ ಉಕ್ಕಿನ ಹಿಡಿಕೆ ಹಾಕಿಸಿದೆ, ನಲ್ಲಿ ಕೆಳಗಿಳಿಸಿದೆ. ಎಲ್ಲವನ್ನೂ ಮೊಬೈಲಿನಲ್ಲಿ ನೋಡಿ ಕಲಿತ ಪಂಡಿತೆ ನಾನು. ವಯಸ್ಸಾದವರು ಒಳಗೆ ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ, ಚಿಲಕವೇ ಬೇಡ ಎಂದು ಅದರಲ್ಲೇ ಯಾರೋ ಹೇಳಿದ್ದರು. ಮಾತು ಸರಿಯೆನಿಸಿತ್ತು; ಈಗಲೂ ತಪ್ಪೆನ್ನಲಾರೆ. ಆದರೆ ಮಾನಪ್ಪ ಚಿಲಕವನ್ನು ತಿರುಗಿ ಚೀಲಕ್ಕೆ ಹಾಕಿದಾಗ ಆದ ಸದ್ದಿಗೆ ಕಮಲತ್ತೆ ನೆನಪಾದಳು.

ಕಮಲತ್ತೆ ಅಪ್ಪನ ತಂಗಿ. ಎಳವೆಯಲ್ಲೇ ಪೋಲಿಯೋದಿಂದ ಎರಡೂ ಕಾಲು ಸೋತಿದ್ದವು. ಶಹಾಬಾದಿನ ಮನೆಯಲ್ಲಿ ನೆಲಕ್ಕೆ ಕೈಯೂರಿ ಸರಿಯುತ್ತ ಓಡಾಡುತ್ತಿದ್ದಳು. ಆ ಊರಿನ ಫರಸಿ ಕಲ್ಲನ್ನು ನೀವು ತುಳಿದಿರಬೇಕು. ನಿಮ್ಮ ಮನೆಯ ನೆಲವೇ ಅದಾಗಿರಬಹುದು. ನೀರು ಬಿದ್ದರೆ ನಾವೆಲ್ಲ ಅದರ ಮೇಲೆ ಜಾರುತ್ತಿದ್ದೆವು. ಅವಳಿಗೆ ಅದು ಡಾಂಬರು ರಸ್ತೆ. ಅಡುಗೆಮನೆಯಿಂದ ಪಡಸಾಲೆಗೆ ನಾನು ನಡೆದು ಬರುವಷ್ಟರಲ್ಲಿ ಅವಳು ಬಂದು ಕೂತಿರುತ್ತಿದ್ದಳು. ಹಾಗೆಂದು ನನ್ನ ನೆನಪು. ಆಗ ನಾನೆಷ್ಟು ಸಣ್ಣವಳೆಂದರೆ ಯಾರ ಮುಂದೆಯೂ ಸೋಲುತ್ತಿದ್ದೆ. ಅವಳ ವೇಗಕ್ಕೆ ನನ್ನ ಸೋಲು ಸಾಕ್ಷಿಯಾಗದು.

ಓಣಿಯ ಹೆಂಗಸರ ರವಿಕೆಗಳೆಲ್ಲ ಅವಳ ಕೈಮಷೀನಿನಲ್ಲೇ ಹೊಲಿಗೆಯಾಗುತ್ತಿದ್ದವು. ಹೀಗಿರುವಾಗ ಅಪ್ಪನಿಗೆ ಚಿಂಚೋಳಿಗೆ ವರ್ಗವಾಯಿತು. ಅಲ್ಲಿನ ಚಂದಾಪುರ ಬಡಾವಣೆಯಲ್ಲಿ ಬಾಡಿಗೆ ಮನೆಯೂ ಗೊತ್ತಾಯಿತು. ಅತ್ತೆ ಬರಲೊಲ್ಲೆ ಎಂದಳು.

"ಇಲ್ಲಿ ನಾ ಟೇಲರ್ ಕಮಲಮ್ಮ ಇದೀನಿ. ಅಲ್ಲಿಗಿ ಬಂದ್ರ ಸಾಹೇಬರ ಕುಂಟ ತಂಗಿ ಆಗ್ತೀನಿ."

"ಒಬ್ಬಾಕೀನೇ ಹ್ಯಾಂಗ ಇರ್ತಿ? ರಾತ್ರಿ ಬಾಗ್ಲಾ ಯಾರ್ ಹಾಕ್ತಾರ?" ಅಪ್ಪ ಕೇಳಿದ.

ಉಳಿದ ತಕರಾರಿಗೆಲ್ಲ ಅವಳ ಬಳಿ ಉತ್ತರವಿತ್ತು. ಸಂತೆ ತರಲು ಗಿರಾಕಿಗಳಿದ್ದರು, ಒಲೆ ನೆಲದ ಮೇಲೆಯೇ ಇತ್ತು. ಸಿಕ್ಕಿಬಿದ್ದದ್ದು ಇದೊಂದರಲ್ಲಿ. ನಮ್ಮ ಬಾಗಿಲುಗಳ ಚಿಲಕವೆಲ್ಲ ಮೇಲೆ, ನಿಂತವರ ಕೈಗೆ. ಅವಳು ಸ್ನಾನಕ್ಕೆ ಹೋದರೂ ಬಾಗಿಲು ಚಿಲಕವಿಲ್ಲದೆ ಬರೀ ಮುಂದೆ ಮಾಡಿರುತ್ತಿತ್ತು. ಅವ್ವ ಹೊರಗೆ ಕಾವಲು ನಿಂತು, "ಯಾರೂ ಬರಬ್ಯಾಡ್ರಿ, ಕಮಲಾ ಜಳಕ ಮಾಡ್ಲಿಕತ್ತಾಳ!" ಎಂದು ಕೂಗುತ್ತಿದ್ದಳು. ಗೊತ್ತಿಲ್ಲದವರಿಗೂ ಗೊತ್ತಾಗುತ್ತಿತ್ತು.

"ನಂಗ ಬಾಗ್ಲಾ ಹಾಕ್ಕೊಳ್ಲಿಕ್ಕ ಬರ್ತದಣ್ಣ," ಎಂದಳು ಅತ್ತೆ. "ಆ ಚಿಲಕಕ್ಕ ಕೆಳಗ ಇಳೀಲಿಕ್ಕ ಬರವಲ್ದು."

ಅಪ್ಪ ನಕ್ಕನೋ ಸಿಟ್ಟಾದನೋ ನೆನಪಿಲ್ಲ. ಬಡಿಗನನ್ನು ಕರೆಸಿ, ಮುಂಬಾಗಿಲಿಗೆ ಕೂತವರ ಕೈಗೆ ಸಿಗುವಂತೆ ದಪ್ಪನೆಯ ಕಬ್ಬಿಣದ ಚಿಲಕ ಹಾಕಿಸಿದ. "ನಾಯಿ ಎತ್ತರಕ್ಕ ಯಾರರ ಚಿಲಕ ಹೊಡಿಸ್ತಾರೇನ್ರಿ?" ಎಂದು ಅವ್ವ ಗೊಣಗಿದಳು. ಅಪ್ಪ ಒಂದು ಷರತ್ತು ಹಾಕಿದ: "ನಾ ದಬ್ಬಿದ್ರ ಅಲುಗಬಾರ್ದು. ಅಲುಗಿತಂದ್ರ ಸುಮ್ನ ಚಿಂಚೋಳಿ ಬಸ್ ಹತ್ತಬೇಕು."

ಮಧ್ಯಾಹ್ನ ನಾವು ಮೂವರೂ ಹೊರಗೆ ಬಂದೆವು. ಒಳಗೆ ಚಿಲಕ ಬಿದ್ದ ಸದ್ದಾಯಿತು. ಅಪ್ಪ ಅಂಗೈಯಿಂದ ದಬ್ಬಿದ, ಭುಜ ಕೊಟ್ಟು ದಬ್ಬಿದ. ಬಾಗಿಲು ಅಲುಗಲಿಲ್ಲ.

"ಸೈ, ಪಾಸಾದಿ. ಇನ್ನ ತೆಗಿ."

ಬಾಗಿಲು ತೆಗೆಯಲಿಲ್ಲ.

"ಸಿಕ್ಕೊಂಡದ! ನಾ ಮೊದ್ಲೇ ಬಡ್ಕೊಂಡೆ," ಎಂದಳು ಅವ್ವ. ಅಪ್ಪ ಸಂದಿಗೆ ಬಾಯಿಟ್ಟು ಕೂಗಿದ, "ಕಮಲಾ, ತೆಗೀಲಿಕ್ಕ ಬರವಲ್ದೇನು?"

"ಬರ್ತದಣ್ಣ," ಒಳಗಿನಿಂದ ನಿಧಾನದ ದನಿ. "ಈಗ ಬ್ಯಾಡ."

ಬಿಸಿಲು ಸುಡುತ್ತಿತ್ತು. ಹಾದುಹೋಗುವವರೊಬ್ಬರು, "ಏನ್ರಿ ಸಾಹೇಬ್ರ, ಹೊರಗ ನಿಂತೀರಿ?" ಎಂದರು. "ಗಾಳಿಗಿ," ಎಂದ ಅಪ್ಪ. ಗಾಳಿಯ ಸುಳಿವೇ ಇರಲಿಲ್ಲ.

ಎಷ್ಟು ಹೊತ್ತಾದ ಮೇಲೆ ಬಾಗಿಲು ತೆರೆಯಿತೋ ಹೇಳಲಾರೆ. ಮಕ್ಕಳ ಮಧ್ಯಾಹ್ನಗಳು ಉದ್ದ. ಅತ್ತೆಯಂತೂ ಶಹಾಬಾದಿನಲ್ಲೇ ಉಳಿದಳು, ಕೊನೆಯವರೆಗೂ ಹೊಲಿದಳು.

ಈ ಕಥೆಯನ್ನು ನಾನು ಹಲವರಿಗೆ ಹೇಳಿದ್ದೇನೆ, ಅತ್ತೆ ಒಳಗೆ ಕೂತು ಅಳುತ್ತಿದ್ದಳು ಎಂದೇ ಹೇಳಿದ್ದೇನೆ. ಕೇಳುವವರ ಕಣ್ಣೂ ಒದ್ದೆಯಾಗುತ್ತಿತ್ತು. ಅದರಿಂದ ನನಗೂ ನಂಬಿಕೆ ಬಲಿಯಿತು. ವಿಶ್ವವಿದ್ಯಾಲಯದ ದಿನಗಳಲ್ಲಿ ಒಮ್ಮೆ ಅವಳನ್ನೇ ಕೇಳಿದೆ.

"ಅಳ್ಲಿಕ್ಕ ಏನಾಗಿತ್ತ ನಂಗ?" ದಾರ ಕಚ್ಚಿ ತುಂಡು ಮಾಡುತ್ತ ಹೇಳಿದಳು. "ಸೀರಿ ಪೂರಾ ಬಿಚ್ಚಿ, ಮತ್ತ ನಿರಿಗಿ ಹಿಡ್ದು ಚಂದಾಗಿ ಉಟ್ಕೊಂಡೆ. ಯಾರರ ಬಂದಾರಂತ ಗಡಿಬಿಡಿ ಇಲ್ದ ಅದರಕಿಂತ ಮೊದ್ಲ ಒಮ್ಮಿನೂ ಉಟ್ಟಿದ್ದಿಲ್ಲ."

ಅಂದು ಬಾಗಿಲು ತೆರೆದಾಗ ಅವಳ ನಿರಿಗೆ ಹೇಗಿತ್ತೆಂದು ಎಷ್ಟು ತಿಣುಕಿದರೂ ನೆನಪಾಗದು. ನಾನು ಅವಳ ಕಣ್ಣನ್ನಷ್ಟೇ ನೋಡಿದ್ದೆನೇನೋ.

ಮಾನಪ್ಪ ಸಾಮಾನು ಕಟ್ಟುತ್ತಿದ್ದ. ಪಡಸಾಲೆಯಲ್ಲಿದ್ದ ಅವ್ವನ ಬಳಿ ಹೋಗಿ ಕೇಳಿದೆ, "ಅವ್ವಾ, ಬಚ್ಚಲಕ್ಕ ಒಳಗಿಂದ ಚಿಲಕ ಬೇಕೇನು?"

"ಹೊಸ್ತಿಲಾ ಕಿತ್ತಿ, ಗ್ವಾಡಿ ಒಡಿಸ್ದಿ, ಯಾವ್ದೂ ಕೇಳ್ಲಿಲ್ಲ. ಇದೊಂದರ ಕೇಳಿದ್ಯಲ್ಲ ತಾಯಿ," ಎಂದಳು. ಆಮೇಲೆ ಕುರ್ಚಿಯನ್ನು ತಾನೇ ಉರುಳಿಸಿಕೊಂಡು ಬಚ್ಚಲೊಳಗೆ ಹೋದಳು; ನಾನೂ ಹಿಂದೆಯೇ ಒಳಗೆ ಹೋದೆ. ಬಾಗಿಲು ಮುಂದೆ ಮಾಡಿ ಅದರ ಮೇಲೆ ಅಂಗೈ ಇಟ್ಟು, ಸ್ವಲ್ಪ ಕೆಳಗೆ ಸರಿಸಿ, ಅಲ್ಲೇ ನಿಲ್ಲಿಸಿದಳು. ಒಳಗೆ ನಿಂತಿದ್ದ ಮಾನಪ್ಪ ನನ್ನ ಕಡೆ ತಿರುಗಿದ.

"ಆಕಿ ಮುಖಾ ಏನ್ ನೋಡ್ತಿಯಪಾ? ಇಲ್ಲಿ ಗುರ್ತ್ ಹಾಕ್ಕೊ."

"ಬಿದ್ರ ಹ್ಯಾಂಗವ್ವಾ? ನಂಗ ಅಂಜಿಕಿ ಆಗ್ತದ."

"ನಂಗೂ ಆಗ್ತದ," ಎಂದಳು ಅವ್ವ, ಬಾಗಿಲ ಮೇಲಿನ ಕೈ ತೆಗೆಯದೆ. "ಹೊಡಿಸು. ಹಾಕ್ಕೊಳ್ಳೋದು ಬಿಡೋದು ನಾ ನೋಡ್ಕೋತೀನಿ."