ಲಕ್ಕಣ್ಣ ಕೆಂಪು ಮಾಡಿದ ಸೀರೆ

ಶೆಟ್ಟಿಹಳ್ಳಿಯಲ್ಲಿ ಸ್ಟುಡಿಯೋ ಇಟ್ಟಿರುವ ಲಕ್ಕಣ್ಣ ಇಪ್ಪತ್ತು ವರ್ಷ ಮದುವೆ ಫೋಟೋ ತೆಗೆದವನು. 2013ರಲ್ಲಿ ದೊಡ್ಡ ಡಿಜಿಟಲ್ ಕ್ಯಾಮೆರಾ ಕೊಂಡ. “ರಾ ಫೈಲಲ್ಲೇ ತೆಗೀರಿ, ಕ್ವಾಲಿಟಿ ಸೂಪರ್” ಎಂದ ಅಂಗಡಿಯವನ ಮಾತನ್ನು ಚಾಚೂತಪ್ಪದೆ ಪಾಲಿಸಿದ. ರಾ ಫೈಲ್ ಎಂದರೆ ಹಸಿ ಚಿತ್ರ. ಬಣ್ಣ, ಬೆಳಕನ್ನು ಕಂಪ್ಯೂಟರಿನಲ್ಲಿ ನಾವೇ ಹದ ಮಾಡಿಕೊಳ್ಳಬೇಕು. ಅಷ್ಟನ್ನು ಅಂಗಡಿಯವನು ಹೇಳಿರಲಿಲ್ಲ.

ಆ ಕ್ಯಾಮೆರಾದ ಮೊದಲ ಮದುವೆ ಮಹೇಂದ್ರ ಮತ್ತು ಶಿಲ್ಪ ಅವರದು. ಕಾಲು ಮುರಿದುಕೊಂಡು ಮದುವೆಗೆ ಬಾರದಿದ್ದ ವರನ ಅಜ್ಜಿ ಮುನಿಕೆಂಪಮ್ಮ ಫೋನ್ ಮಾಡಿದರು.

“ಲಕ್ಕಣ್ಣ, ಧಾರೆಗೆ ನಾನೇ ಆರಿಸಿ ಕೊಟ್ಟ ಕೆಂಪು ಸೀರೆ ಎಂಗೆ ಬಂದದೆ ನೋಡ್ಬೇಕು ಕಣಪ್ಪ. ಭಾನುವಾರ ಬೀಗರೂಟಕ್ಕೆ ಆಲ್ಬಮ್ ತಗಂಡ್ ಬಾ. ಚೆನ್ನಾಗಿದ್ರೆ ಇನ್ನೂ ಮೂರು ಮೊಮ್ಮಕ್ಕಳ ಮದುವೆ ನಿಂದೇ.”

ಲಕ್ಕಣ್ಣ ಕಂಪ್ಯೂಟರಿನ ಮುಂದೆ ಕೂತ. ಹಳೆಯ ಸಾಫ್ಟ್‌ವೇರ್ ಫೈಲುಗಳನ್ನು ತೆರೆಯಲೇ ಇಲ್ಲ. ಯಾರದೋ ಕೈಕಾಲು ಹಿಡಿದು ಹಾಕಿಸಿದ ಇನ್ನೊಂದು ತೆರೆಯಿತು. ಅದರಲ್ಲಿ ವಧು, ವರ, ಪುರೋಹಿತರು ಎಲ್ಲರೂ ಪಾಚಿ ಹಿಡಿದಂತೆ ಕಂಡರು. ಸೀರೆಯೂ ಹಸಿರು. ಎರಡು ದಿನ ಒದ್ದಾಡಿದ ಮೇಲೆ ಮುಖಗಳು ಮನುಷ್ಯರ ಬಣ್ಣಕ್ಕೆ ಬಂದವು. ಸೀರೆ ಮಾತ್ರ ಹಸಿರಾಗಿಯೇ ಉಳಿಯಿತು.

“ಧಾರೆ ಎರೆಯೋವಾಗ ನೀವೆಲ್ಲಿದ್ರಿ?” ಎಂದಳು ಹೆಂಡತಿ ರತ್ನಕ್ಕ.

“ಅಲ್ಲೇ ಇದ್ದೆ ಕಣೇ. ಬಟನ್ ಹುಡುಕ್ತಿದ್ದೆ.”

“ಹಂಗಾದ್ರೆ ಸೀರೆ ಹಸಿರೇ ಇರ್ಬೋದಲ್ವಾ?”

“ಕಂಪ್ಯೂಟರ್ ಸುಳ್ ಹೇಳ್ಬೋದು, ಮುನಿಕೆಂಪಮ್ಮ ಹೇಳಲ್ಲ.”

ಶುಕ್ರವಾರ ಪರದೆಯ ಮೇಲೆ ಹಸಿರು ಬಣ್ಣ ಬದಲಿಸುವ ಗುಂಡಿಯನ್ನು ಕೊನೆಯವರೆಗೂ ಎಳೆದಾಗ ಸೀರೆ ಕೆಂಪಾಯಿತು. ಜೊತೆಗೆ ಬಾಳೆಕಂಬ, ಮಾವಿನ ತೋರಣ, ತಾಂಬೂಲದ ವೀಳ್ಯದೆಲೆ ಎಲ್ಲವೂ ಕೆಂಪಾದವು. ಅಷ್ಟರಲ್ಲಿ ಫೋಟೋ ಆರಿಸಲು ಬಂದ ಶಿಲ್ಪ ಪರದೆ ನೋಡಿ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಅಣ್ಣಾ, ಇದು ಹೆಂಗ್ ಕೆಂಪಾಯ್ತು? ನಾನ್ ಉಟ್ಟಿದ್ದೇ ಹಸಿರು! ಆ ಕೆಂಪು ಸೀರೆ ಬ್ಲೌಸು ತೋಳಿಗೇ ಏರ್ಲಿಲ್ಲ, ಅಮ್ಮನ ಸೀರೆ ಉಟ್ಕೊಂಡೆ. ಅಜ್ಜಿಗೆ ಯಾರೂ ಹೇಳಿಲ್ಲ.”

ಲಕ್ಕಣ್ಣ ಗುಂಡಿಯನ್ನು ಹಿಂದಕ್ಕೆಳೆಯಲು ಹೋದ. ಶಿಲ್ಪ ಮೌಸಿಗೆ ಕೈ ಅಡ್ಡ ಹಿಡಿದಳು.

“ಬೇಡ ಅಣ್ಣಾ, ಹಿಂಗೇ ಇರ್ಲಿ.”

“ತೋರಣ ಕಣಮ್ಮಾ…”

“ತೋರಣ ಯಾರ್ ನೋಡ್ತಾರೆ?”

ಮುನಿಕೆಂಪಮ್ಮ ನೋಡಿದರು. ಭಾನುವಾರ ಆಲ್ಬಮನ್ನು ತೊಡೆಯ ಮೇಲಿಟ್ಟುಕೊಂಡು ಸೀರೆಯ ಮೇಲೆ ಬೆರಳಾಡಿಸಿದರು. ಬೆರಳು ಬಾಳೆಕಂಬಕ್ಕೆ ಬಂದು ನಿಂತಿತು.

“ಬಾಳೆಲೆ ಯಾಕಪ್ಪ ಕೆಂಪಗದೆ?”

ಬಡಿಸುತ್ತಿದ್ದ ಶಿಲ್ಪಳ ಸೌಟು ನಡುದಾರಿಯಲ್ಲೇ ನಿಂತಿತು. ಲಕ್ಕಣ್ಣನ ಬಾಯಲ್ಲಿದ್ದ ಮುದ್ದೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

“ಹೊಸ ಕ್ಯಾಮೆರಾ ಅಜ್ಜಿ. ಇನ್ನೂ ಕೈಗೆ ಬಗ್ಗಿಲ್ಲ” ಎಂದ ಮುದ್ದೆ ನುಂಗಿಕೊಂಡು.

“ಓಗ್ಲಿ ಬುಡು, ಸೀರೆ ಬಣ್ಣ ಇದ್ದಂಗೇ ಬಂದದೆ. ಸಣ್ಣ ಮೊಮ್ಮಗಳ ಮದುವೆ ವೈಶಾಖದಾಗೆ. ಅಷ್ಟ್ರೊಳಗೆ ಎಲೆ ಹಸಿರಾಗಿ ತೆಗೆಯೋದು ಕಲ್ತ್ಕೋ.”

ಶಿಲ್ಪ ಲಕ್ಕಣ್ಣನ ಎಲೆಗೆ ಕೇಳದೆಯೇ ನಾಲ್ಕು ತುಂಡು ಮಾಂಸ ಹಾಕಿ ಮುಂದೆ ಹೋದಳು.