ಪಾಝ್ ಒತ್ತದ ಮಧ್ಯಾಹ್ನ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನನಗೆ ಅಜ್ಜಿಯ ದನಿ ಕೇಳಿಸಿತ್ತು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಸಮಯ ಕಾಣುತ್ತಿತ್ತು, ತಪ್ಪಾಗುವ ಹಾಗಿಲ್ಲ. ಇಯರ್‌ಫೋನಿನ ಹಳೆಯ ಸ್ಪಂಜು ಬೆವರಿಗೆ ನೆನೆದಾಗ ಒಂದು ಹುಳಿವಾಸನೆ ಬರುತ್ತದೆ. ಬಸ್ಸಿನಲ್ಲಿ ಪಕ್ಕದವರಿಂದ ಅದು ಬಂದರೂ ಸಾಕು, ನಾನು ಮತ್ತೆ ಹದಿಮೂರರ ಹುಡುಗಿಯಾಗಿ, ಅಡ್ಯಾರಿನ ನದಿಯ ಪಕ್ಕದ ಆ ನೆಲಮಹಡಿಯ ಬಾಡಿಗೆ ಮನೆಯಲ್ಲಿ, ಸೋಫಾದ ಮೇಲೆ ಕಾಲು ಮಡಚಿ ಕೂತುಬಿಟ್ಟಿರುತ್ತೇನೆ.

ಆ ಮನೆಗೆ ಅನಿಮೆ ತಂದವನು ಚಿಕ್ಕಪ್ಪ. ರೈಲ್ವೆ ಕಚೇರಿಯಲ್ಲಿ ಗುಮಾಸ್ತ, ಮದುವೆಯಾಗಿರಲಿಲ್ಲ, ಜಪಾನಿನ ಆ ಧಾರಾವಾಹಿಗಳನ್ನು ಯಾರಾದರೂ ಕಾರ್ಟೂನ್ ಎಂದರೆ ಊಟ ಬಿಟ್ಟು ಏಳುತ್ತಿದ್ದ. ಅವನಿಗೆ ನಿಧಾನದ ಕಥೆಗಳು ಬೇಕು: ಹುಲ್ಲುಗಾವಲು, ಸೈಕಲ್ಲು, ಯಾರಿಗೋ ಕಾಗದ ಬರೆಯುವ ಹುಡುಗಿ. ನನಗೆ ಕತ್ತಿ, ರಕ್ತ, ಮುನ್ನೂರು ಎಪಿಸೋಡು. ನಾನು ಇಂಗ್ಲಿಷ್ ಡಬ್ಬಿಂಗ್ ಕೇಳಿದರೆ, "ಸಾರಿಗೆ ಹುಣಸೆಹಣ್ಣಿನ ಬದಲು ವಿನೆಗರ್ ಹುಯ್ಯೋ ಜನ ನೀವು" ಎನ್ನುತ್ತಿದ್ದ. ಅವನು ಮುಂದಿನ ಕಥೆ ಬಾಯಿಬಿಡಲು ಹೊರಟರೆ ನಾನು ಕಿವಿ ಮುಚ್ಚಿಕೊಂಡು, "ಸೊಲ್ಲಾದೇ ಚಿಕ್ಕಪ್ಪಾ", ಹೇಳಬೇಡ ಎಂದು ತಮಿಳಿನಲ್ಲೇ ಗೋಗರೆಯುತ್ತಿದ್ದೆ. ಅಜ್ಜಿ ಕಡಲೆಕಾಯಿ ಬಿಡಿಸುತ್ತ ನಮ್ಮ ಹಿಂದೆ ಕೂತಿರುತ್ತಿದ್ದಳು. ಮಂಡ್ಯದಿಂದ ಈ ತಮಿಳು ಊರಿಗೆ ಬಂದು ಹತ್ತು ವರ್ಷವಾದರೂ ತಮಿಳು ಕಲಿಯದ ಅವಳಿಗೆ ಜಪಾನೀ ಭಾಷೆ ಏನೂ ಹೆಚ್ಚು ದೂರದ್ದು ಅನಿಸುತ್ತಿರಲಿಲ್ಲ. ಅವಳದ್ದು ಒಂದೇ ತಕರಾರು. "ಲೋ, ಯಾರ ಮನೇಲೂ ಅಪ್ಪ ಅವ್ವನೇ ಇಲ್ವಲ್ಲೋ. ಈ ಮಕ್ಕಳಿಗೆ ಅನ್ನ ಇಕ್ಕೋರು ಯಾರು?" ಚಿಕ್ಕಪ್ಪ ಲ್ಯಾಪ್‌ಟಾಪಿನ ದನಿ ಏರಿಸುತ್ತಿದ್ದ. ಅದೇ ಪ್ರಶ್ನೆಯನ್ನು ನಾನು ಆಮೇಲೆ ಕಾಲೇಜಿನಲ್ಲಿ ಕಂಡ ಅಭಿಮಾನಿಗಳಿಗೆಲ್ಲ ಕೇಳುತ್ತಿದ್ದೆ.

ನಮಗೊಂದು ನಿಯಮವಿತ್ತು. ಕೊನೆಯ ಎಪಿಸೋಡನ್ನು ನಡುವೆ ನಿಲ್ಲಿಸಬಾರದು. ಮೊದಲು ಪಾಝ್ ಒತ್ತಿದವರು ಸೋತಂತೆ, ಮುಂದಿನ ಧಾರಾವಾಹಿಯನ್ನು ಇನ್ನೊಬ್ಬರು ಆರಿಸುತ್ತಾರೆ. ಕೆಮ್ಮು ಬಂದರೆ ನುಂಗಿಕೊಳ್ಳುತ್ತಿದ್ದೆವು. ಕರೆಗಂಟೆ ಬಾರಿಸಿದವರು ಬೇಸತ್ತು ಹೋಗುತ್ತಿದ್ದರು.

ಆ ಮಧ್ಯಾಹ್ನದ ಹೊತ್ತಿಗೆ ಎರಡು ದಿನದಿಂದ ಮಳೆ ಸುರಿದು ಶಾಲೆಗೆ ರಜೆ ಕೊಟ್ಟಿದ್ದರು. ಅಪ್ಪ ಬ್ಯಾಂಕಿನಲ್ಲಿ, ಅಮ್ಮ ತನ್ನ ಕಚೇರಿಯಲ್ಲಿ, ಚಿಕ್ಕಪ್ಪ ರಜೆ ಹಾಕಿದ್ದ. ಕರೆಂಟಿರಲಿಲ್ಲ, ಲ್ಯಾಪ್‌ಟಾಪಿನಲ್ಲಿ ಒಂದು ಎಪಿಸೋಡಿಗೆ ಸಾಕಾಗುವಷ್ಟು ಚಾರ್ಜ್ ಇತ್ತು. ಪರದೆ ಎಳೆದು, ಇಬ್ಬರೂ ಇಯರ್‌ಫೋನ್ ಸಿಕ್ಕಿಸಿಕೊಂಡು, ಅವನಿಷ್ಟದ ಧಾರಾವಾಹಿಯ ಕೊನೆಯ ಭಾಗ ಹಾಕಿದೆವು. ಅಜ್ಜಿ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಆ ಕೋಣೆ ಒಂದು ಮೆಟ್ಟಿಲು ತಗ್ಗಿನಲ್ಲಿತ್ತು. ನದಿಯ ನೀರು ಮೊದಲು ಬಚ್ಚಲಿನ ಕಿಂಡಿಯಿಂದ ಮೇಲೆ ಬಂದಿತಂತೆ. ಅಜ್ಜಿಯ ಕೂಗು ತೆಳ್ಳಗೆ ಕೇಳಿಸಿತು. ನನ್ನ ಕೈ ಇಯರ್‌ಫೋನಿನವರೆಗೂ ಹೋಯಿತು, ಚಿಕ್ಕಪ್ಪನ ಮುಖ ನೋಡಿದೆ, ಕೈ ಇಳಿಸಿದೆ. ಒಂಬತ್ತು ನಿಮಿಷವಾದ ಮೇಲೆ, ಎಪಿಸೋಡು ಮುಗಿದು ಕಾಲು ಕೆಳಗಿಟ್ಟರೆ ನೆಲವಿರಲಿಲ್ಲ, ತಣ್ಣನೆಯ ಕೆಸರುನೀರಿತ್ತು. ಅಜ್ಜಿ ಜಾರಿಬಿದ್ದು ಎದೆಮಟ್ಟದ ನೀರಿನಲ್ಲಿ ಮಂಚದ ಕಾಲು ತಬ್ಬಿ ಕೂತಿದ್ದಳು.

ಚಿಕ್ಕಪ್ಪ ಅವಳನ್ನು ಹೊತ್ತುಕೊಂಡು ಹೊರಗಿನ ಮೆಟ್ಟಿಲು ಹತ್ತಿದ. ಪ್ರತಿ ಮೆಟ್ಟಿಲಿಗೂ ಅವಳು ನರಳುತ್ತಿದ್ದಳು, ಸೊಂಟದ ಮೂಳೆ ಮುರಿದಿತ್ತು. ತಾರಸಿಯ ತಗಡಿನ ಕೆಳಗೆ ಮಲಗಿಸಿದಾಗ, "ಮುಗೀತೇನ್ರೋ ನಿಮ್ಮ ಕಥೆ?" ಎಂದಳು. ಚುಚ್ಚಿ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಆಮೇಲೆ, "ಕೂಗ್ದೆ ಕಣಪ್ಪ. ಕೇಳ್ಸಿಲ್ಲ ಬಿಡು, ಕಿವಿಗೆ ಸಿಗಿಸ್ಕೊಂಡಿದ್ರಲ್ಲ." ಚಿಕ್ಕಪ್ಪ, "ಕೇಳ್ಸಿಲ್ಲ ಕಣವ್ವ" ಎಂದ. ನಾನೂ ತಲೆಯಾಡಿಸಿದೆ.

ಮರುದಿನ ದೋಣಿ ಬಂತು. ಆಸ್ಪತ್ರೆಯಲ್ಲಿ ಅಜ್ಜಿ ಮೂರು ವಾರ ಉಳಿದಳು, ನಾಲ್ಕನೆಯದಕ್ಕೆ ಇರಲಿಲ್ಲ. ಅಡ್ಯಾರಿನ ಮನೆಗೆ ನಾವು ಹಿಂತಿರುಗಲಿಲ್ಲ. ಪೋರೂರಿನ ಹೊಸ ಮನೆಯ ಮೂರನೇ ಮಹಡಿಯಲ್ಲಿ, ನಲ್ಲಿ ತೊಟ್ಟಿಕ್ಕಿದರೂ ನನಗೆ ಎಚ್ಚರವಾಗುತ್ತಿತ್ತು. ಚಿಕ್ಕಪ್ಪನ ಕಣ್ಣಿನ ಕೆಳಗೂ ಕಪ್ಪು ಕಟ್ಟಿತ್ತು. ನಾವಿಬ್ಬರೂ ಒಟ್ಟಿಗೆ ಏನನ್ನೂ ನೋಡುತ್ತಿರಲಿಲ್ಲ, ಯಾವುದು ಶ್ರೇಷ್ಠ ಎಂದು ಜಗಳವಾಡುತ್ತಿರಲಿಲ್ಲ.

ಬೇಸಿಗೆ ರಜೆಯ ಒಂದು ಸಂಜೆ, ಬಾಲ್ಕನಿಯಲ್ಲಿ ಅವನು ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ, ಹೇಳಿಬಿಟ್ಟೆ. "ಅವತ್ತು ನಂಗೆ ಅಜ್ಜಿ ಕೂಗಿದ್ದು ಕೇಳಿಸ್ತು." ಅವನು ಕೈಲಿದ್ದ ಅಂಗಿಯನ್ನು ಮಡಚಿದ, ಬಿಚ್ಚಿ ಮತ್ತೆ ಮಡಚಿದ.

"ನಂಗೂ ಕೇಳಿಸ್ತು ಕಣೆ. ನೀನೇ ಪಾಝ್ ಒತ್ತಲಿ ಅಂತ ಕೂತಿದ್ದೆ."

ಮತ್ತೆ ಆ ಮಾತು ಎಂದೂ ಬರಲಿಲ್ಲ. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ಕಾಲಿನ ಮೇಲೆ ಬಿಸಿಲು ಬಿದ್ದಿತ್ತು, ಗಂಟೆ ಎಂಟಾಗಿತ್ತು. ಅಮ್ಮ ತುಟಿಯ ಮೇಲೆ ಬೆರಳಿಟ್ಟು, "ಮೆತ್ತಗೆ ಓಡಾಡು, ನಿಮ್ಮ ಚಿಕ್ಕಪ್ಪ ಇನ್ನೂ ಮಲಗಿದಾನೆ" ಎಂದಳು. ನಡುಮನೆಯಲ್ಲಿ ಅವನು ಗೋಡೆಯ ಕಡೆ ತಿರುಗಿ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಅವನು ಅಲುಗಲಿಲ್ಲ.